ಬೆಳಿಗ್ಗೆ ಬೇಗ ಏಳುವ ಅಭ್ಯಾಸ: ದೇಹದ ಗಡಿಯಾರವನ್ನು ಹಂತ ಹಂತವಾಗಿ ಸರಿಸುವ ಸಮಗ್ರ ಮಾರ್ಗದರ್ಶಿ

ನಾಳೆಯಿಂದ ಐದಕ್ಕೆ ಏಳಲೇಬೇಕು ಎಂದು ನಿರ್ಧರಿಸಿ, ಅಲಾರಂ ಅನ್ನು ಏಳೂವರೆಯಿಂದ ಒಂದೇ ಏಟಿಗೆ ಐದಕ್ಕೆ ಇಳಿಸುವವರೇ ಹೆಚ್ಚು. ಮೊದಲೆರಡು ದಿನ ಹುರುಪಿನಲ್ಲಿ ಎದ್ದುಬಿಡುತ್ತಾರೆ. ಮೂರನೇ ದಿನ ಮಧ್ಯಾಹ್ನ ಕಣ್ಣು ಎಳೆಯುತ್ತದೆ. ನಾಲ್ಕನೇ ದಿನ ಅಲಾರಂ ಆರಿಸಿದ್ದೇ ನೆನಪಿರುವುದಿಲ್ಲ. ವಾರದ ಕೊನೆಗೆ ಒಂಬತ್ತರವರೆಗೆ ಮಲಗಿ, ಮತ್ತೆ ಹಳೆಯ ಜಾಗಕ್ಕೇ ಬಂದು ನಿಲ್ಲುತ್ತಾರೆ. ಇಂಥವರಲ್ಲಿ ಛಲಕ್ಕೆ ಕೊರತೆಯಿಲ್ಲ, ಹಂತಗಳ ಕ್ರಮ ತಲೆಕೆಳಗಾಗಿರುತ್ತದೆ ಅಷ್ಟೆ.

ನಿದ್ದೆಯನ್ನು ಎರಡು ಶಕ್ತಿಗಳು ನಡೆಸುತ್ತವೆ. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಕೂಡುತ್ತಾ ಹೋಗುತ್ತದೆ. ಇದು ನಿದ್ದೆಯ ಒತ್ತಡ. ಇನ್ನೊಂದು, ಮಿದುಳಿನೊಳಗಿನ ಜೈವಿಕ ಗಡಿಯಾರ. ಯಾವಾಗ ಮಂಪರು ಬರಬೇಕು, ಯಾವಾಗ ಎಚ್ಚರವಾಗಬೇಕು ಎಂಬುದನ್ನು ಅದು ಬೆಳಕು ನೋಡಿ ಹೊಂದಿಸಿಕೊಳ್ಳುತ್ತದೆ. ಅಲಾರಂ ಈ ಎರಡನ್ನೂ ಬದಲಿಸುವುದಿಲ್ಲ, ಮಲಗಿದವರನ್ನು ಎಬ್ಬಿಸುತ್ತದೆ, ಅಷ್ಟೇ. ಗಡಿಯಾರ ಸರಿಯದೆ ಅಲಾರಂ ಮಾತ್ರ ಏಳೂವರೆಯಿಂದ ಐದಕ್ಕೆ ಸರಿದರೆ ದಿನಕ್ಕೆ ಎರಡೂವರೆ ಗಂಟೆ ನಿದ್ದೆ ಖೋತಾ ಆಗುತ್ತದೆ. ಆ ಸಾಲವನ್ನು ದೇಹ ಹೇಗಾದರೂ ವಸೂಲಿ ಮಾಡಿಯೇ ಮಾಡುತ್ತದೆ.

ಆದ್ದರಿಂದ ಇಲ್ಲಿ ಹೇಳುವುದೆಲ್ಲ ನಿದ್ದೆಯ ಒಟ್ಟು ಗಂಟೆಗಳನ್ನು ಮುಟ್ಟದೆ, ಆ ಇಡೀ ಅವಧಿಯನ್ನೇ ಮುಂಚಿತವಾಗಿಸುವ ವಿಧಾನ.

ಶುರು ಮಾಡುವ ಮೊದಲು ಬೇಕಾದ ಸಾಮಾನು

ಒಂದು ಸಣ್ಣ ಪುಸ್ತಕ, ಪೆನ್ನು. ಫೋನ್ ಅಲ್ಲದ ಒಂದು ಅಲಾರಂ ಗಡಿಯಾರ, ಸಾದಾ ಆದರೂ ಸಾಕು. ಮಲಗುವ ಕೋಣೆಗೆ ಬೆಳಕು ತಡೆಯುವ ಪರದೆ ಅಥವಾ ಕಣ್ಣುಪಟ್ಟಿ. ಸಂಜೆಗೆ ಮಂದವಾದ ಹಳದಿ ಬೆಳಕಿನ ಒಂದು ದೀಪ. ಸೂರ್ಯೋದಯಕ್ಕೆ ಮುಂಚೆಯೇ ಏಳುವ ಗುರಿಯಿದ್ದರೆ ಬೆಳಗಿಗೆ ಪ್ರಖರವಾದ ಬಿಳಿ ದೀಪ. ನಿದ್ದೆ ಅಳೆಯುವ ವಾಚು, ಆ್ಯಪ್‌ಗಳ ಅಗತ್ಯ ಇಲ್ಲ. ನಿದ್ದೆಯ ಹಂತಗಳನ್ನು ಅವು ಅಂದಾಜಿನಲ್ಲಿ ತೋರಿಸುತ್ತವೆ. ಆ ಅಂಕಿ ನೋಡಿ ಚಿಂತೆ ಹಚ್ಚಿಕೊಂಡು ನಿದ್ದೆಗೆಡುವವರೂ ಇದ್ದಾರೆ.

ಹಂತ 1: ಮೊದಲ ವಾರ ಏನನ್ನೂ ಬದಲಿಸಬೇಡಿ, ಬರೆದಿಡಿ

ಏಳು ದಿನ ಎಂದಿನಂತೆಯೇ ಇರಿ. ಪ್ರತಿದಿನ ಬೆಳಿಗ್ಗೆ ನಾಲ್ಕೇ ಸಂಗತಿ ಬರೆಯಿರಿ: ದೀಪ ಆರಿಸಿದ ಸಮಯ, ಅಂದಾಜು ನಿದ್ದೆ ಹತ್ತಿದ ಸಮಯ, ಎಚ್ಚರವಾದ ಸಮಯ, ಹಾಸಿಗೆ ಬಿಟ್ಟ ಸಮಯ. ಹಿಂದಿನ ದಿನ ಕೊನೆಯ ಕಾಫಿ ಅಥವಾ ಚಹಾ ಎಷ್ಟು ಹೊತ್ತಿಗೆ ಕುಡಿದಿರಿ, ಹಗಲಲ್ಲಿ ಮಲಗಿದ್ದಿರಾ ಎಂಬುದನ್ನು ಪಕ್ಕದಲ್ಲಿ ಗುರುತು ಮಾಡಿ.

ಈ ಹಂತವನ್ನು ಬಿಟ್ಟು ಮುಂದೆ ಹೋಗುವವರು ತಾವು ಹನ್ನೊಂದಕ್ಕೆ ಮಲಗುತ್ತೇವೆ ಎಂದುಕೊಂಡಿರುತ್ತಾರೆ. ಬರೆದು ನೋಡಿದರೆ ಹನ್ನೊಂದು ಎನ್ನುವುದು ಹಾಸಿಗೆಗೆ ಹೋಗುವ ಸಮಯ, ಫೋನ್ ಕೆಳಗಿಟ್ಟು ನಿದ್ದೆ ಹತ್ತುವಾಗ ಹನ್ನೆರಡೂವರೆ ಆಗಿರುತ್ತದೆ. ಆ ಒಂದೂವರೆ ಗಂಟೆಯ ವ್ಯತ್ಯಾಸ ಗೊತ್ತಿಲ್ಲದೆ ಹಾಕಿದ ಯೋಜನೆ ಮೊದಲ ದಿನವೇ ಬುಡ ಕಳಚಿಕೊಳ್ಳುತ್ತದೆ.

ಹಂತ 2: ಗುರಿಯನ್ನು ರಾತ್ರಿಯ ಕಡೆಯಿಂದ ಲೆಕ್ಕ ಹಾಕಿ

ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕು. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ, 6ರಿಂದ 12ರ ಮಕ್ಕಳಿಗೆ 9ರಿಂದ 12 ಗಂಟೆ. ನಿಮಗೆ ಸರಿಯಾಗಿ ಎಷ್ಟು ಬೇಕು ಎಂಬುದಕ್ಕೆ ಒಂದು ಸುಳಿವು ಇದೆ: ದೀರ್ಘ ರಜೆಯಲ್ಲಿ ಹಳೆಯ ನಿದ್ದೆಸಾಲ ತೀರಿದ ಮೇಲೆ, ಅಲಾರಂ ಇಲ್ಲದೆ ಸಹಜವಾಗಿ ಎಷ್ಟು ಹೊತ್ತು ಮಲಗುತ್ತೀರಿ ಎನ್ನುವುದು.

ಈಗ ಲೆಕ್ಕ. 5:30ಕ್ಕೆ ಏಳಬೇಕು, 7 ಗಂಟೆ ನಿದ್ದೆ ಬೇಕು ಎಂದಾದರೆ 10:30ಕ್ಕೆ ನಿದ್ದೆ ಹತ್ತಿರಬೇಕು. ಹತ್ತಲು ಇಪ್ಪತ್ತು ನಿಮಿಷ ಹಿಡಿಯುತ್ತದೆ ಎಂದು ಹಿಡಿದರೆ 10:10ಕ್ಕೆ ದೀಪ ಆರಬೇಕು. ಇಲ್ಲಿ ಪ್ರಾಮಾಣಿಕವಾಗಿ ಯೋಚಿಸಿ. ಮನೆಗೆ ತಲುಪುವುದೇ ರಾತ್ರಿ ಹತ್ತಕ್ಕೆ ಎನ್ನುವವರಿಗೆ 5:30 ಸಾಧ್ಯವಾಗುವ ಗುರಿಯಲ್ಲ. 6:30 ಇಟ್ಟುಕೊಳ್ಳಿ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ನಾಲ್ಕಕ್ಕೆ ಎದ್ದು ಐದೇ ಗಂಟೆ ಮಲಗುವವರಿಗಿಂತ ಆರೂವರೆಗೆ ಎದ್ದು ಏಳು ಗಂಟೆ ಮಲಗುವವರ ಕೆಲಸ ಚೆನ್ನಾಗಿ ಸಾಗುತ್ತದೆ.

ಎದ್ದು ಏನು ಮಾಡುತ್ತೀರಿ ಎಂಬುದನ್ನೂ ಈಗಲೇ ನಿರ್ಧರಿಸಿ, ಒಂದೇ ಒಂದು ಕೆಲಸ ಸಾಕು. ಮುಂದೆ ಕೆಲಸವಿಲ್ಲದ ಬೆಳಗು ಮತ್ತೆ ಹಾಸಿಗೆಯ ಕಡೆಗೇ ಎಳೆಯುತ್ತದೆ.

ಹಂತ 3: ಏಳುವ ಸಮಯವನ್ನು ಮೊದಲು ಸರಿಸಿ, 15 ನಿಮಿಷದಂತೆ

ಬಹಳಷ್ಟು ಮಂದಿ ತಪ್ಪುವುದು ಇಲ್ಲಿಯೇ. ಬೇಗ ಏಳಲು ಬೇಗ ಮಲಗಬೇಕು ಎಂದು ಮೊದಲ ರಾತ್ರಿಯೇ ಹತ್ತಕ್ಕೆ ದೀಪ ಆರಿಸುತ್ತಾರೆ. ನಿದ್ದೆ ಹತ್ತುವುದಿಲ್ಲ. ಹೊರಳಾಡಿ ಹೊರಳಾಡಿ ಹನ್ನೆರಡೂವರೆಗೇ ಮಲಗುತ್ತಾರೆ, ಅದೂ ಸಿಟ್ಟಿನಲ್ಲಿ. ಕಾರಣ ಸರಳ: ನೀವು ರೂಢಿಯಾಗಿ ಮಲಗುವ ಹೊತ್ತಿಗೆ ಮುಂಚಿನ ಎರಡು ಮೂರು ಗಂಟೆಗಳಲ್ಲಿ ಜೈವಿಕ ಗಡಿಯಾರ ಎಚ್ಚರವನ್ನು ಅತ್ಯಂತ ಬಿಗಿಯಾಗಿ ಹಿಡಿದಿರುತ್ತದೆ. ದಿನದಲ್ಲಿ ನಿದ್ದೆ ಹತ್ತುವುದು ಅತಿ ಕಷ್ಟವಾದ ಹೊತ್ತು ಅದು. ಅದಕ್ಕೇ ಮಲಗುವ ಸಮಯವನ್ನು ಬಲವಂತದಿಂದ ಬದಲಿಸಲಾಗದು. ಏಳುವ ಸಮಯ ಮಾತ್ರ ನಮ್ಮ ಕೈಯಲ್ಲಿದೆ. ಅದನ್ನು ಸರಿಸಿದರೆ ಮಂಪರು ತಾನಾಗಿಯೇ ಬೇಗ ಬರತೊಡಗುತ್ತದೆ.

ಈಗ 7:30ಕ್ಕೆ ಏಳುವವರು 5:30ಕ್ಕೆ ಬರಬೇಕಾದರೆ 120 ನಿಮಿಷ, ಅಂದರೆ 15 ನಿಮಿಷದ ಎಂಟು ಮೆಟ್ಟಿಲು. ಪ್ರತಿ ಮೆಟ್ಟಿಲಿಗೆ ಮೂರು ದಿನ:

ದಿನ 1–3: 7:15
ದಿನ 4–6: 7:00
ದಿನ 7–9: 6:45
ದಿನ 10–12: 6:30
ದಿನ 13–15: 6:15
ದಿನ 16–18: 6:00
ದಿನ 19–21: 5:45
ದಿನ 22–24: 5:30

ಮಲಗುವ ಸಮಯವನ್ನು ಒಂದು ಮೆಟ್ಟಿಲು ಹಿಂದೆ ಬಿಟ್ಟು ಸರಿಸಿ. ಮೊದಲ ಮೂರು ದಿನ ಹಳೆಯ ಹೊತ್ತಿಗೇ ಮಲಗಿ, ನಾಲ್ಕನೇ ದಿನದಿಂದ 15 ನಿಮಿಷ ಮುಂಚೆ. ಕೊನೆಯ ಮೆಟ್ಟಿಲು ಮುಗಿದ ಮೇಲೆ ಮಲಗುವ ಸಮಯವನ್ನು ಉಳಿದ 15 ನಿಮಿಷ ಸರಿಸಿದರೆ ಎರಡೂ ಕಡೆ ಸರಿಹೋಗುತ್ತದೆ.

ಮುಂದಿನ ಮೆಟ್ಟಿಲಿಗೆ ಹೋಗಬಹುದೇ ಎಂದು ತಿಳಿಯಲು ಎರಡು ಪರೀಕ್ಷೆ. ಮೂರರಲ್ಲಿ ಎರಡು ದಿನವಾದರೂ ಅಲಾರಂ ಬಡಿದ ಐದು ನಿಮಿಷದೊಳಗೆ ಹಾಸಿಗೆ ಬಿಟ್ಟಿರಬೇಕು. ಹಗಲಲ್ಲಿ ಕೂತಲ್ಲೇ ತೂಕಡಿಸಿರಬಾರದು. ಎರಡರಲ್ಲಿ ಒಂದು ತಪ್ಪಿದರೂ ಅದೇ ಮೆಟ್ಟಿಲಿನಲ್ಲಿ ಇನ್ನೂ ಮೂರು ದಿನ ನಿಲ್ಲಿ. ಹೀಗೆ ನಿಂತು ನಿಂತು ಹೋದರೆ 24 ದಿನದ ಯೋಜನೆ ಐದಾರು ವಾರ ಹಿಡಿಯುವುದು ಮಾಮೂಲು. ನಡುವಿನ ಮೆಟ್ಟಿಲುಗಳಲ್ಲಿ, ಅದರಲ್ಲೂ ಆರು ಗಂಟೆಯ ಆಸುಪಾಸಿನಲ್ಲಿ ಎಲ್ಲವೂ ಸಲೀಸು ಅನ್ನಿಸಿ ಒಂದೇ ಸಲ ಅರ್ಧ ಗಂಟೆ ಹಾರುವ ಆಸೆ ಬರುತ್ತದೆ. ಹಾರಬೇಡಿ.

ಹಂತ 4: ಅಲಾರಂ ಇಡುವ ಜಾಗ ಮತ್ತು ಮೊದಲ ಹದಿನೈದು ನಿಮಿಷ

ಅಲಾರಂ ಕೈಗೆ ಎಟುಕುವಂತಿದ್ದರೆ ಅದನ್ನು ಆರಿಸುವುದು ನಿದ್ದೆಯಲ್ಲಿರುವ ಕೈ, ನೀವಲ್ಲ. ಹಾಸಿಗೆಯಿಂದ ಏಳೆಂಟು ಹೆಜ್ಜೆ ದೂರದಲ್ಲಿ, ಸಾಧ್ಯವಾದರೆ ಲೈಟಿನ ಸ್ವಿಚ್ಚಿನ ಆಚೆ ಬದಿಗೆ ಇಡಿ. ನಿಯಮ ಹೀಗಿರಲಿ: ಮೊದಲು ಸ್ವಿಚ್ಚು, ಆಮೇಲೆ ಅಲಾರಂ. ಬೆಳಕು ಬಿದ್ದ ಮೇಲೆ ಗಂಟೆ ನಿಲ್ಲಿಸಿದವರು ಮತ್ತೆ ಹೊದಿಕೆಯೊಳಗೆ ಸೇರುವುದು ಅಪರೂಪ. ಕತ್ತಲಲ್ಲೇ ನಿಲ್ಲಿಸಿದವರು ಸುಲಭವಾಗಿ ವಾಪಸು ಬರುತ್ತಾರೆ.

ಐದಕ್ಕೊಂದು, ಐದೂಕಾಲಿಗೊಂದು, ಐದೂವರೆಗೊಂದು ಎಂದು ಅಲಾರಂ ಸಾಲು ಇಡಬೇಡಿ. ಮೊದಲನೆಯದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿಲ್ಲ ಎಂಬುದನ್ನು ಮಿದುಳು ಕಲಿತುಬಿಡುತ್ತದೆ. ಸ್ನೂಜ್ ಒತ್ತಿ ಮಲಗುವ ನಿದ್ದೆ ತುಣುಕು ತುಣುಕಾಗಿರುತ್ತದೆ, ಅದರಿಂದ ದಣಿವು ಆರುವುದಿಲ್ಲ. ಒಂದೇ ಅಲಾರಂ ಇರಲಿ. ಭಯವಿದ್ದರೆ ಹತ್ತು ನಿಮಿಷದ ನಂತರಕ್ಕೆ ಇನ್ನೊಂದನ್ನು ಬೇರೆ ಕೋಣೆಯಲ್ಲಿ ಇಡಿ.

ಎದ್ದ ಕೂಡಲೇ ಬರುವ ಮಂಕು, ತಲೆಭಾರ, ‘ಇದೆಲ್ಲ ಬೇಕಿತ್ತಾ’ ಎಂಬ ಯೋಚನೆ ಎಲ್ಲರಿಗೂ ಇರುವಂಥದ್ದೇ. ಸಾಮಾನ್ಯವಾಗಿ 15ರಿಂದ 30 ನಿಮಿಷದಲ್ಲಿ ಕರಗುತ್ತದೆ. ನಿದ್ದೆ ಕಮ್ಮಿಯಾಗಿದ್ದರೆ ಒಂದು ಗಂಟೆಯವರೆಗೂ ಎಳೆಯಬಹುದು. ಈ ಹೊತ್ತಿನಲ್ಲಿ ಯಾವ ನಿರ್ಧಾರವನ್ನೂ ತೆಗೆದುಕೊಳ್ಳಬೇಡಿ, ಇವತ್ತು ಮತ್ತೆ ಮಲಗಲೇ ಎಂಬ ನಿರ್ಧಾರವನ್ನಂತೂ ಖಂಡಿತ ಬೇಡ. ಕೈಕಾಲಿಗೆ ಮಾತ್ರ ಕೆಲಸ ಕೊಡಿ: ಮುಖಕ್ಕೆ ತಣ್ಣೀರು, ಒಂದು ಲೋಟ ನೀರು, ಬಟ್ಟೆ ಬದಲು, ಬಾಗಿಲು ತೆರೆದು ಹೊರಗೆ. ಇವಿಷ್ಟೂ ಯೋಚಿಸದೆ ನಡೆಯುವಂತೆ ರಾತ್ರಿಯೇ ಸಿದ್ಧತೆ ಆಗಿರಬೇಕು. ಬಟ್ಟೆ ಮಡಿಸಿ ಬಚ್ಚಲುಮನೆಯಲ್ಲಿ, ಚಪ್ಪಲಿ ಬಾಗಿಲಲ್ಲಿ, ಲೋಟದಲ್ಲಿ ನೀರು ತುಂಬಿ ಮುಚ್ಚಿಟ್ಟು. ಚಳಿಗಾಲದಲ್ಲಿ ಒಂದು ಬೆಚ್ಚನೆಯ ಅಂಗಿ ಅಲಾರಂ ಪಕ್ಕದಲ್ಲೇ ಇರಲಿ. ಎಷ್ಟೋ ಸಲ ನಮ್ಮನ್ನು ಹಾಸಿಗೆಗೆ ಮರಳಿಸುವುದು ನಿದ್ದೆಗಿಂತ ಹೆಚ್ಚಾಗಿ ಚಳಿ.

ಕೋಣೆಯಲ್ಲಿ ಬೇರೆಯವರೂ ಮಲಗಿರುತ್ತಾರೆ ಎಂದಾದರೆ ಮಣಿಕಟ್ಟಿಗೆ ಕಟ್ಟುವ, ಕಂಪಿಸುವ ಅಲಾರಂ ಬಳಸಿ. ಬಟ್ಟೆಬರೆಯನ್ನೆಲ್ಲ ಹಿಂದಿನ ರಾತ್ರಿಯೇ ಕೋಣೆಯ ಹೊರಗೆ ಇಟ್ಟಿರಿ. ಮನೆಯವರ ನಿದ್ದೆ ಕೆಡಿಸುವ ಅಭ್ಯಾಸ ಬಹಳ ದಿನ ನಡೆಯುವುದಿಲ್ಲ.

ಹಂತ 5: ಬೆಳಕು, ಇಡೀ ಕೆಲಸದ ಕೀಲಿಕೈ

ಮಿಕ್ಕ ಎಲ್ಲವನ್ನೂ ಸರಿಯಾಗಿ ಮಾಡಿ ಇದೊಂದನ್ನು ಬಿಟ್ಟರೆ ಗಡಿಯಾರ ಸರಿಯುವುದಿಲ್ಲ. ಮನುಷ್ಯರ ಜೈವಿಕ ಗಡಿಯಾರದ ಒಂದು ಸುತ್ತು ಸರಾಸರಿ 24 ಗಂಟೆಗಿಂತ ತುಸು ಹೆಚ್ಚು, ಸುಮಾರು 24 ಗಂಟೆ 10 ನಿಮಿಷದಷ್ಟು. ತನ್ನ ಪಾಡಿಗೆ ಬಿಟ್ಟರೆ ಅದು ದಿನದಿಂದ ದಿನಕ್ಕೆ ತಡವಾಗುತ್ತಲೇ ಹೋಗುತ್ತದೆ. ತಡವಾಗಿ ಮಲಗುವುದು ಅಷ್ಟು ಸುಲಭವಾಗಿ, ಬೇಗ ಮಲಗುವುದು ಅಷ್ಟು ಕಷ್ಟವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ದಿನಾ ಅದನ್ನು ಮತ್ತೆ ಸರಿಯಾದ ಹೊತ್ತಿಗೆ ಎಳೆದು ತರುವುದು ಕಣ್ಣಿಗೆ ಬೀಳುವ ಬೆಳಗಿನ ಬೆಳಕು.

ಎದ್ದ ಅರ್ಧ ಗಂಟೆಯೊಳಗೆ ಹೊರಗೆ ಹೋಗಿ. ಬಿಸಿಲಿದ್ದರೆ 10ರಿಂದ 15 ನಿಮಿಷ, ಮೋಡವಿದ್ದರೆ 20ರಿಂದ 30 ನಿಮಿಷ. ತಂಪು ಕನ್ನಡಕ ಬೇಡ. ಸೂರ್ಯನನ್ನು ನೇರವಾಗಿ ಯಾವತ್ತೂ ದಿಟ್ಟಿಸಬೇಡಿ, ತೆರೆದ ಆಕಾಶದ ಕೆಳಗಿದ್ದರೆ ಸಾಕು. ದೀಪ ಉರಿಯುವ ಮನೆಯೊಳಗೆ ಸಾಮಾನ್ಯವಾಗಿ 100ರಿಂದ 500 ಲಕ್ಸ್ (ಬೆಳಕಿನ ಪ್ರಖರತೆಯ ಅಳತೆ) ಬೆಳಕಿದ್ದರೆ, ಮೋಡ ಕವಿದ ಹಗಲಲ್ಲಿ ಕೂಡ ಹೊರಗೆ ಸಾವಿರದಿಂದ ಹತ್ತು ಸಾವಿರ ಲಕ್ಸ್ ಇರುತ್ತದೆ. ನಮ್ಮ ಕಣ್ಣು ಎರಡಕ್ಕೂ ಹೊಂದಿಕೊಂಡುಬಿಡುವುದರಿಂದ ಈ ಅಂತರ ನಮಗೆ ಗೊತ್ತಾಗುವುದಿಲ್ಲ, ಗಡಿಯಾರಕ್ಕೆ ಗೊತ್ತಾಗುತ್ತದೆ. ಕಿಟಕಿಯ ಒಳಗೆ ಕೂತರೆ ಬೆಳಕಿನ ಪ್ರಮಾಣ ಬಹಳ ಇಳಿಯುತ್ತದೆ.

ಬೆಳಗಾಗುವ ಮೊದಲೇ ಏಳುವವರು ಮನೆಯ ಅತಿ ಪ್ರಖರ ದೀಪಗಳನ್ನೆಲ್ಲ ಹಾಕಿಕೊಂಡು, ಹೊರಗೆ ಬೆಳಕಾದ ಕೂಡಲೇ ಹೋಗಿ ನಿಲ್ಲಿ. ಬೆಳಕು ಚಿಕಿತ್ಸೆಗೆಂದೇ ಮಾಡಿದ 10,000 ಲಕ್ಸ್ ದೀಪಗಳೂ ಇವೆ. ತಯಾರಕರು ಹೇಳಿದಷ್ಟು ದೂರದಲ್ಲಿಟ್ಟು ಸುಮಾರು 30 ನಿಮಿಷ ಎದುರಿಗೆ ಕೂರಬೇಕು. ಕಣ್ಣಿನ ಕಾಯಿಲೆ ಇರುವವರು, ಬೈಪೋಲಾರ್ ಸಮಸ್ಯೆ (ಮನಸ್ಸು ಅತಿ ಉತ್ಸಾಹಕ್ಕೂ ಅತಿ ಖಿನ್ನತೆಗೂ ಏರಿಳಿಯುವ ಕಾಯಿಲೆ) ಇರುವವರು ವೈದ್ಯರನ್ನು ಕೇಳದೆ ಅವನ್ನು ಬಳಸಬಾರದು.

ಇನ್ನು, ಹಂತ ಹಂತವಾಗಿಯೇ ಸರಿಯಬೇಕು ಎನ್ನುವುದರ ಹಿಂದಿರುವ ಮುಖ್ಯ ಕಾರಣ. ನೀವು ರೂಢಿಯಾಗಿ ಎಚ್ಚರವಾಗುವ ಹೊತ್ತಿಗೆ ಸುಮಾರು ಎರಡು ಮೂರು ಗಂಟೆ ಮೊದಲು ದೇಹದ ಉಷ್ಣತೆ ಅತಿ ಕೆಳಗೆ ಇಳಿದಿರುತ್ತದೆ. ಆ ಬಿಂದುವಿನ ನಂತರ ಬಿದ್ದ ಬೆಳಕು ಗಡಿಯಾರವನ್ನು ಬೇಗದ ಕಡೆಗೆ ಸರಿಸುತ್ತದೆ, ಮುಂಚೆ ಬಿದ್ದ ಬೆಳಕು ತಡದ ಕಡೆಗೆ ತಳ್ಳುತ್ತದೆ. ಒಂಬತ್ತಕ್ಕೆ ಏಳುವ ರೂಢಿಯವರಿಗೆ ಆ ಬಿಂದು ಆರರಿಂದ ಏಳರ ಆಸುಪಾಸು. ಅವರು ಒಮ್ಮೆಲೇ ನಾಲ್ಕೂವರೆಗೆ ಎದ್ದು ಕಣ್ಣು ಕೋರೈಸುವ ದೀಪ ಹಾಕಿಕೊಂಡರೆ ಗಡಿಯಾರ ಇನ್ನಷ್ಟು ತಡವಾಗುತ್ತದೆ, ಅಂದು ರಾತ್ರಿ ನಿದ್ದೆ ಮತ್ತೂ ದೂರ. ಮಾಡಿದ ಶ್ರಮವೇ ತಿರುಗಿಬೀಳುವುದು ಹೀಗೆ. ಕಾಲು ಗಂಟೆಯಂತೆ ಸರಿದರೆ ಆ ಬಿಂದುವೂ ಜೊತೆಜೊತೆಗೆ ಸರಿಯುತ್ತದೆ.

ಹಂತ 6: ಹಗಲಿನ ಎರಡು ಕಳ್ಳರು

ಮೊದಲನೆಯದು ಕೆಫೀನ್. ಅದು ಅಡೆನೋಸಿನ್‌ನ ದಾರಿಗೆ ಅಡ್ಡ ನಿಂತು ದಣಿವು ತಿಳಿಯದಂತೆ ಮಾಡುತ್ತದೆ. ದೇಹದಲ್ಲಿ ಅದು ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು, ಕೆಲವರಲ್ಲಿ ಇನ್ನೂ ಹೆಚ್ಚು. ಸಂಜೆ ನಾಲ್ಕಕ್ಕೆ ಕುಡಿದ ಕಾಫಿಯ ಅರ್ಧದಷ್ಟು ಕೆಫೀನ್ ರಾತ್ರಿ ಒಂಬತ್ತಕ್ಕೂ ಒಳಗೇ ಇರುತ್ತದೆ. ಮಲಗುವುದಕ್ಕೆ ಎಂಟು ಗಂಟೆ ಮೊದಲೇ ಕೊನೆಯ ಲೋಟ ಮುಗಿಯಲಿ. 10:30ಕ್ಕೆ ನಿದ್ದೆ ಬೇಕೆನ್ನುವವರಿಗೆ ಅದು ಮಧ್ಯಾಹ್ನ ಎರಡೂವರೆ. ಚಹಾ, ಕೋಲಾ, ಎನರ್ಜಿ ಡ್ರಿಂಕ್, ಕಪ್ಪು ಚಾಕೊಲೇಟ್, ಕೆಲವು ತಲೆನೋವಿನ ಮಾತ್ರೆಗಳಲ್ಲೂ ಕೆಫೀನ್ ಇರುತ್ತದೆ ಎಂಬುದನ್ನು ಮರೆಯಬೇಡಿ.

ಎರಡನೆಯದು ಹಗಲು ನಿದ್ದೆ. ಮೆಟ್ಟಿಲು ಇಳಿಯುವ ದಿನಗಳಲ್ಲಿ ಮಧ್ಯಾಹ್ನ ತಡೆಯಲಾಗದಷ್ಟು ನಿದ್ದೆ ಬಂದರೆ ಮೂರು ಗಂಟೆಗೆ ಮೊದಲು 20 ನಿಮಿಷ, ಅಲಾರಂ ಇಟ್ಟು ಮಲಗಿ. ಒಂದು ಗಂಟೆ ಮಲಗಿದರೆ ರಾತ್ರಿಗೆಂದು ಕೂಡಿಟ್ಟ ಒತ್ತಡವೆಲ್ಲ ಕರಗಿ, ಸಂಜೆ ಏಳಕ್ಕೆ ಬೆಳಗಿನಷ್ಟೇ ಚುರುಕಾಗಿಬಿಡುತ್ತೀರಿ.

ಹಂತ 7: ಸಂಜೆಯನ್ನು ಇಳಿಮುಖ ಮಾಡಿ

ಮೆಲಟೋನಿನ್ ಎಂಬ ರಾತ್ರಿಯ ಹಾರ್ಮೋನು ರೂಢಿಯ ನಿದ್ದೆಯ ಹೊತ್ತಿಗೆ ಸುಮಾರು ಎರಡು ಗಂಟೆ ಮುಂಚೆ ಏರತೊಡಗುತ್ತದೆ. ಪ್ರಖರ ಬೆಳಕು ಅದನ್ನು ಅದುಮಿಡುತ್ತದೆ. ಹಾಗಾಗಿ ಮಲಗುವ ಎರಡು ಗಂಟೆ ಮೊದಲು ತಲೆಯ ಮೇಲಿನ ದೊಡ್ಡ ದೀಪ ಆರಿಸಿ, ಮೂಲೆಯ ಹಳದಿ ದೀಪ ಹಾಕಿ. ರಾತ್ರಿಯೂಟ ಮಲಗುವ ಎರಡು ಮೂರು ಗಂಟೆ ಮೊದಲೇ ಮುಗಿಯಲಿ. ಒಂದೆರಡು ಗಂಟೆ ಮೊದಲು ಬೆಚ್ಚನೆಯ ನೀರಿನ ಸ್ನಾನ ಮಾಡಿದರೆ ಚರ್ಮಕ್ಕೆ ರಕ್ತ ಹರಿದು ಒಳಗಿನ ಶಾಖ ಹೊರಹೋಗುತ್ತದೆ, ಹೀಗೆ ಒಳಮೈ ತಣ್ಣಗಾದಾಗ ನಿದ್ದೆ ಬೇಗ ಹತ್ತುತ್ತದೆ. ಮದ್ಯ ಬೇಗ ಮಲಗಿಸಿದಂತೆ ಕಂಡರೂ ರಾತ್ರಿಯ ಉತ್ತರಾರ್ಧದ ನಿದ್ದೆಯನ್ನು ಹರಿದುಹಾಕುತ್ತದೆ.

ಬೆಳಗಿಗೆ ಅಲಾರಂ ಇಡುವ ಹಾಗೆಯೇ ರಾತ್ರಿಗೂ ಒಂದು ಇಡಿ, ದೀಪ ಆರಿಸುವ 45 ನಿಮಿಷ ಮೊದಲು. ಅದು ಬಡಿದಾಗ ಫೋನ್ ಚಾರ್ಜಿಗೆ ಹಾಕಿ, ಮಲಗುವ ಕೋಣೆಯ ಹೊರಗೆ. ಫೋನ್ ಪರದೆಯ ಬೆಳಕಿಗಿಂತ ಹೆಚ್ಚು ಹಾನಿ ಮಾಡುವುದು ಅದರಲ್ಲಿ ‘ಇನ್ನೊಂದು, ಇನ್ನೊಂದು’ ಎಂದು ಮುಗಿಯದೆ ಬರುವ ಸಾಲು. ಪರದೆಯ ಬಣ್ಣ ಹಳದಿ ಮಾಡಿದ ಮಾತ್ರಕ್ಕೆ ಆ ಸಮಸ್ಯೆ ತೀರುವುದಿಲ್ಲ.

ಹಂತ 8: ಮಲಗಿದ ಮೇಲೂ ನಿದ್ದೆ ಹತ್ತದಿದ್ದರೆ

ಅಂದಾಜು ಇಪ್ಪತ್ತು ನಿಮಿಷವಾದರೂ ಕಣ್ಣು ಹತ್ತದಿದ್ದರೆ ಎದ್ದುಬಿಡಿ. ಗಡಿಯಾರ ನೋಡಬೇಡಿ, ಅದರ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಡಿ. ಬೇರೆ ಕೋಣೆಯಲ್ಲಿ ಮಂದ ಬೆಳಕಿನಲ್ಲಿ ಕೂತು ರೋಚಕವಲ್ಲದ ಏನನ್ನಾದರೂ ಓದಿ, ಅಥವಾ ಬಟ್ಟೆ ಮಡಿಸಿ. ರೆಪ್ಪೆ ಭಾರವಾದ ಮೇಲೆ ಮರಳಿ ಬನ್ನಿ. ಹಾಸಿಗೆ ಎಂದರೆ ಹೊರಳಾಡುವ ಜಾಗ ಎಂದು ಮಿದುಳಿಗೆ ರೂಢಿಯಾಗದಂತೆ ತಡೆಯುವುದು ಇದರ ಉದ್ದೇಶ.

ಆ ರಾತ್ರಿ ನಿದ್ದೆ ಎಷ್ಟೇ ಕಮ್ಮಿಯಾಗಲಿ, ಮರುದಿನ ಅದೇ ಹೊತ್ತಿಗೆ ಏಳಿ. ಮಾರನೆಯ ರಾತ್ರಿ ನಿದ್ದೆ ಬೇಗ ಬರುವುದು ಇದರಿಂದಲೇ. ವೈದ್ಯರ ಸಲಹೆಯಿಲ್ಲದೆ ನಿದ್ದೆಮಾತ್ರೆ ಬೇಡ, ಮೆಲಟೋನಿನ್ ಮಾತ್ರೆಯೂ ಬೇಡ. ಅದನ್ನು ತಪ್ಪು ಹೊತ್ತಿನಲ್ಲಿ ತೆಗೆದುಕೊಂಡರೆ ಗಡಿಯಾರ ಬೇಡದ ಕಡೆಗೆ ಸರಿಯಬಹುದು.

ಹಂತ 9: ರಜಾದಿನ ಮತ್ತು ತಪ್ಪಿದ ದಿನ

ರಜೆಯ ದಿನ ಏಳುವ ಸಮಯ ಒಂದು ಗಂಟೆಗಿಂತ ಹೆಚ್ಚು ಆಚೀಚೆ ಆಗದಿರಲಿ. ಎರಡು ದಿನ ಒಂಬತ್ತರವರೆಗೆ ಮಲಗಿದರೆ ಗಡಿಯಾರ ತಡವಾಗಿ, ಭಾನುವಾರ ರಾತ್ರಿ ನಿದ್ದೆ ಬರುವುದಿಲ್ಲ, ಸೋಮವಾರ ಏಳಲಾಗುವುದಿಲ್ಲ. ತೀರಾ ದಣಿವಿದ್ದರೆ ಬೆಳಿಗ್ಗೆ ಹೆಚ್ಚು ಹೊತ್ತು ಮಲಗುವ ಬದಲು ರಾತ್ರಿ ಮಂಪರು ಬಂದ ಕೂಡಲೇ, ಬೇಗ ಮಲಗಿ.

ಮದುವೆ, ಪ್ರಯಾಣ, ಜ್ವರ ಎಂದು ತಪ್ಪುವುದು ಇದ್ದೇ ಇದೆ. ಒಂದು ದಿನ ತಪ್ಪಿದರೆ ಮರುದಿನ ಅದೇ ಮೆಟ್ಟಿಲಿನಿಂದ ಮುಂದುವರಿಸಿ. ಒಂದು ವಾರ ತಪ್ಪಿದರೆ ಎರಡು ಮೆಟ್ಟಿಲು ಹಿಂದಕ್ಕೆ ಹೋಗಿ ಶುರು ಮಾಡಿ. 21 ದಿನದಲ್ಲಿ ಯಾವ ಅಭ್ಯಾಸವಾದರೂ ಬಂದುಬಿಡುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಣ್ಣಪುಟ್ಟ ದಿನಚರಿಗಳು ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಹಿಡಿದಿತ್ತು. ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ಬದಲಾಗುತ್ತಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಿನ್ನಡೆ ಆಗಿರಲಿಲ್ಲ. ಗುರಿ ಮುಟ್ಟಿದ ಮೇಲೂ ಎರಡು ತಿಂಗಳು ನಿಯಮ ಸಡಿಲಿಸದಿರಿ.

ನಿಲ್ಲಿಸಿ ನೋಡಬೇಕಾದ ಲಕ್ಷಣಗಳು

ಮಧ್ಯಾಹ್ನದ ನಂತರ ತುಸು ಮಂಕು ಬರುವುದು ಸಹಜ. ಬೆಳಿಗ್ಗೆ ಹತ್ತಕ್ಕೇ ಕೂತಲ್ಲಿ ಕಣ್ಣು ಮುಚ್ಚುವುದು, ದಿಂಬಿಗೆ ತಲೆ ಕೊಟ್ಟ ಕೂಡಲೇ ನಿದ್ದೆಗೆ ಬೀಳುವುದು, ಸಣ್ಣದಕ್ಕೆಲ್ಲ ರೇಗುವುದು, ಮಾಡಿದ ಕೆಲಸವನ್ನೇ ಮರೆಯುವುದು ನಿದ್ದೆ ಸಾಲದ ಗುರುತು. ಆಗ ಅಲಾರಂ ಮುಟ್ಟಬೇಡಿ, ಮಲಗುವ ಸಮಯವನ್ನು ಅರ್ಧ ಗಂಟೆ ಮುಂಚಿತ ಮಾಡಿ. ಆಗಲೂ ನಿದ್ದೆ ಹತ್ತದಿದ್ದರೆ ಒಂದು ಮೆಟ್ಟಿಲು ಹಿಂದಕ್ಕೆ ಹೋಗಿ.

ಎಂಟು ಗಂಟೆ ಮಲಗಿದರೂ ದಣಿವು ಆರದಿದ್ದರೆ, ಜೋರು ಗೊರಕೆಯ ನಡುವೆ ಉಸಿರು ನಿಂತು ಗಕ್ಕನೆ ಎಳೆದುಕೊಳ್ಳುತ್ತೀರಿ ಎಂದು ಮನೆಯವರು ಹೇಳಿದರೆ, ಬೆಳಿಗ್ಗೆ ತಲೆನೋವಿನಿಂದಲೇ ಎಚ್ಚರವಾದರೆ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ಕಾಯಿಲೆ ಇರಬಹುದು. ಅದಕ್ಕೆ ಪರೀಕ್ಷೆ, ಚಿಕಿತ್ಸೆ ಎರಡೂ ಇವೆ, ಅಲಾರಂನಿಂದ ಅದು ಸರಿಹೋಗದು. ಎಷ್ಟೇ ಶಿಸ್ತಿದ್ದರೂ ತಿಂಗಳುಗಟ್ಟಲೆ ರಾತ್ರಿ ಎರಡು ಮೂರರವರೆಗೆ ನಿದ್ದೆಯೇ ಹತ್ತದವರು, ನಸುಕಿನಲ್ಲೇ ಎಚ್ಚರವಾಗಿ ಮತ್ತೆ ಮಲಗಲಾಗದೆ ಮನಸ್ಸು ಕುಗ್ಗಿದವರು, ಮಲಗಿದಾಗ ಕಾಲು ಆಡಿಸದೆ ಇರಲಾಗದವರು ಕೂಡ ವೈದ್ಯರನ್ನು ಕಾಣಬೇಕು. ಎರಡು ವಾರದ ನಿದ್ದೆಯ ಲೆಕ್ಕ ಜೊತೆಗಿದ್ದರೆ ವೈದ್ಯರಿಗೆ ತಿಳಿಯುವುದು ಸುಲಭ.

ಹದಿಹರೆಯದವರ ಗಡಿಯಾರ ಆ ವಯಸ್ಸಿನಲ್ಲಿ ಸಹಜವಾಗಿಯೇ ತಡವಾಗಿರುತ್ತದೆ. ಅವರನ್ನು ಸೋಮಾರಿಗಳೆಂದು ಬೈದು ಐದಕ್ಕೆ ಎಬ್ಬಿಸುವುದರಿಂದ ನಿದ್ದೆ ಕಮ್ಮಿಯಾಗುತ್ತದೆಯೇ ಹೊರತು ಅಭ್ಯಾಸ ಬರುವುದಿಲ್ಲ. ಬೆಳಗಿನ ಬೆಳಕು, ರಾತ್ರಿ ಫೋನ್ ಹೊರಗೆ, ಇವೆರಡೇ ಅವರಿಗೆ ಮೊದಲ ಹೆಜ್ಜೆ. ವಾರಕ್ಕೊಮ್ಮೆ ಪಾಳಿ ಬದಲಾಗುವವರಿಗೆ ಈ ಕ್ರಮ ಹೊಂದುವುದಿಲ್ಲ. ಅವರು ಪ್ರತಿ ಪಾಳಿಯಲ್ಲೂ 7 ಗಂಟೆ ನಿದ್ದೆ, ಕತ್ತಲು ಕೋಣೆ, ಇವನ್ನು ಕಾಪಾಡಿಕೊಳ್ಳುವುದೇ ಮೇಲು.

ಗಾಡಿ ಓಡಿಸುವವರಿಗೆ, ಯಂತ್ರದ ಮುಂದೆ ನಿಲ್ಲುವವರಿಗೆ ಒಂದು ಎಚ್ಚರಿಕೆ. ಸ್ಟಿಯರಿಂಗ್ ಹಿಡಿದಾಗ ಪದೇ ಪದೇ ಆಕಳಿಕೆ ಬಂದರೆ, ದಾಟಿ ಬಂದ ಕೊನೆಯ ಒಂದೆರಡು ಕಿಲೋಮೀಟರ್ ನೆನಪಿಗೆ ಬಾರದಿದ್ದರೆ ಪಕ್ಕಕ್ಕೆ ನಿಲ್ಲಿಸಿ. ಕಿಟಕಿ ತೆರೆಯುವುದು, ಹಾಡು ಜೋರು ಮಾಡುವುದು ನಿದ್ದೆಯನ್ನು ತಡೆಯುವುದಿಲ್ಲ. ಸುರಕ್ಷಿತ ಜಾಗದಲ್ಲಿ ಇಪ್ಪತ್ತು ನಿಮಿಷ ಮಲಗಿ, ಎದ್ದು ಮಂಕು ಪೂರ್ತಿ ಇಳಿದ ಮೇಲೆ ಹೊರಡಿ.